ಕಣ್ಣಿಟ್ಟು ನುಡಿಸುವವರು

ಓಲಗ ಊದುವವನಿಗೆ ಎರಡು ಕೆಲಸ. ಒಂದು ನುಡಿಸುವುದು, ಇನ್ನೊಂದು ನೋಡುವುದು. ನುಡಿಸಿದ್ದು ಊರಿಗೆಲ್ಲ ಕೇಳುತ್ತದೆ. ನೋಡುವುದು ಯಾರ ಗಮನಕ್ಕೂ ಬರುವುದಿಲ್ಲ. ತಾಳಿಯ ತಟ್ಟೆ ಹಿರಿಯರ ಕೈಯಿಂದ ಕೈಗೆ ಹೋಗಿ ಮುಟ್ಟಿಸಿಕೊಂಡು ಬರುವವರೆಗೂ ಒಂದು ರಾಗ ತನ್ನ ಪಾಡಿಗೆ ಹರಿಯುತ್ತಿರುತ್ತದೆ. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ" ಎಂದರೆ ಆ ರಾಗವನ್ನು ಇದ್ದಲ್ಲಿಗೇ ಬಿಟ್ಟು ನಾಗಸ್ವರ, ಡೋಲು, ತಾಳ ಮೂರೂ ಒಂದೇ ಏಟಿಗೆ ಮೇಲೇರಬೇಕು. ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಅಪಶಕುನದ ಮಾತು ಯಾವುದೂ ಗಂಡುಹೆಣ್ಣಿನ ಕಿವಿಗೆ ಬೀಳಬಾರದು ಎಂಬುದು ಇದರ ಹಿಂದಿನ ನಂಬಿಕೆ. ಮೂರನೇ ಗಂಟು ಬಿದ್ದು ಅಕ್ಷತೆ ಬೀಳುವ ತನಕ ಆ ವೇಗ ಇಳಿಯಬಾರದು. ಗಂಟು ಹಾಕುವವನ ಕೈ ನಡುಗಿದರೆ ಗಟ್ಟಿಮೇಳ ಉದ್ದವಾಗುತ್ತದೆ, ಚುರುಕಾಗಿದ್ದರೆ ಗಿಡ್ಡವಾಗುತ್ತದೆ. ಎಷ್ಟು ಹೊತ್ತು ಎಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ.

ನಾನು ಮಾಸ್ತಿ ಹೋಬಳಿಯ ಓಲಗದ ಮನೆಯವನು. ತಾತ ಡೋಲು ಬಾರಿಸುತ್ತಿದ್ದರು, ಅಪ್ಪ ಕ್ಲಾರಿನೆಟ್. ನಾನು ಬ್ಯಾಂಡ್‌ಸೆಟ್ಟಿನಲ್ಲಿ ಅಪ್ಪನ ಪಕ್ಕ ನಿಂತು ಕ್ಲಾರಿನೆಟ್ ಕಲಿತೆ, ಆಮೇಲೆ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದೆ, ಈಗ ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ಆಡುವ ಗೇಮ್‌ಗಳಿಗೆ ಸಂಗೀತ ಕಟ್ಟುತ್ತೇನೆ. ಊರಿಗೆ ಹೋದಾಗ ನೆಂಟರು ಕೇಳುವುದು ಒಂದೇ ಮಾತು: "ಸಿನಿಮಾಗೆ ಯಾವಾಗಪ್ಪಾ ಮಾಡೋದು?" ಗೇಮ್ ಸಂಗೀತವೆಂದರೆ ಸಿನಿಮಾ ಸಂಗೀತಕ್ಕೆ ಹೋಗುವ ದಾರಿಯ ಒಂದು ಮೆಟ್ಟಿಲು ಎಂದು ಅವರೂ, ನನ್ನ ಜೊತೆಯ ಎಷ್ಟೋ ಕಲಾವಿದರೂ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಕಸುಬಿನ ಹಿರಿಯರು ಮದುವೆಮನೆಯ ಓಲಗದವರು, ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳು, ಮೂಕಿ ಚಿತ್ರದ ಪರದೆಯ ಮುಂದೆ ಕೂತು ನುಡಿಸಿದವರು. ಎದುರಿಗೆ ನಡೆಯುವುದರ ಮೇಲೆ ಕಣ್ಣಿಟ್ಟು ನುಡಿಸಿದ ಇವರ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ನಾನು ಕಂಡಷ್ಟನ್ನು, ಕಲಿತಷ್ಟನ್ನು ಇಲ್ಲಿ ಜೋಡಿಸುತ್ತೇನೆ.

ನಮ್ಮ ಕಡೆ ಓಲಗಕ್ಕೆ ಮೊದಲ ಮನೆ ದೇವಸ್ಥಾನ. ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿ, ಮುಳಬಾಗಿಲಿನ ಆಂಜನೇಯ, ಕುರುಡುಮಲೆಯ ಗಣಪತಿ, ಆವನಿಯ ರಾಮಲಿಂಗೇಶ್ವರ, ಕೋಲಾರದ ಕೋಲಾರಮ್ಮ: ಈ ಗುಡಿಗಳ ಸುತ್ತಲ ಊರುಗಳಲ್ಲಿ ಊದುವವರು, ಬಾರಿಸುವವರು ಬದುಕು ಕಟ್ಟಿಕೊಂಡರು. ದೇವರು ಹೊರಡುವಾಗ ಗಂಭೀರನಾಟದಲ್ಲಿ ಮಲ್ಲಾರಿ. ಬೆಳಗಿನ ಹೊತ್ತಿಗೆ ಭೂಪಾಳ, ಬಿಲಹರಿ. ರಾತ್ರಿ ಶಯನೋತ್ಸವಕ್ಕೆ ನೀಲಾಂಬರಿ. ಎಲ್ಲ ಮುಗಿದ ಮೇಲೆ ಮಂಗಳಕ್ಕೆ ಮಧ್ಯಮಾವತಿ. ಕಣ್ಣುಮುಚ್ಚಿ ಕೂತ ಭಕ್ತನಿಗೂ ಉತ್ಸವ ಎಲ್ಲಿಗೆ ಬಂತು ಎಂದು ರಾಗದಿಂದಲೇ ತಿಳಿಯುತ್ತಿತ್ತು. ಪಲ್ಲಕ್ಕಿ ಬೀದಿಯ ತಿರುವಿನಲ್ಲಿ ನಿಂತರೆ ಅಲ್ಲೇ ಆಲಾಪನೆ ಬೆಳೆಸಬೇಕು, ಹೊರಟರೆ ಕೃತಿಯ ಎತ್ತುಗಡೆಗೆ ಬರಬೇಕು. ಮಂಗಳಾರತಿಯ ಗಂಟೆ ಹೊಡೆದರೆ ಎಂಥ ವಿದ್ವಾಂಸನಾದರೂ ತನ್ನ ರಾಗವಿಸ್ತಾರವನ್ನು ಅಲ್ಲಿಗೆ ಮುಗಿಸಬೇಕು.

ತಮಟೆಗೂ ಇಂಥದೇ ಶಿಸ್ತಿದೆ. ಮದುವೆಯ ಬಡಿತ ಬೇರೆ, ಜಾತ್ರೆಯದು ಬೇರೆ, ಸಾವಿನದು ಬೇರೆ. ಎರಡು ಹೊಲದಾಚೆ ಕೆಲಸ ಮಾಡುತ್ತಿದ್ದವರಿಗೂ ಊರಲ್ಲಿ ಏನಾಗಿದೆ ಎಂದು ಬಡಿತವೇ ಹೇಳುತ್ತಿತ್ತು. ಮಾಲೂರು, ಕೋಲಾರಗಳ ಕರಗದಲ್ಲಿ ಕರಗ ಹೊತ್ತವರ ಹೆಜ್ಜೆಗೆ ವಾದ್ಯ ಹೊಂದಿಕೊಳ್ಳಬೇಕೇ ಹೊರತು ವಾದ್ಯಕ್ಕೆ ಹೆಜ್ಜೆ ಹೊಂದಿಕೊಳ್ಳುವುದಿಲ್ಲ. 2007ರವರೆಗೂ ನಮ್ಮದೇ ಕೋಲಾರ ಜಿಲ್ಲೆಯಲ್ಲಿದ್ದ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಸೀಮೆಯ ವಾದ್ಯದವರ ಮನೆಗಳಲ್ಲಿ ಹಬ್ಬದ ಸಂತೋಷ. ತಮಟೆಯನ್ನು ಊರ ಹೊರಗೆ ನಿಲ್ಲಿಸಿದ ಕಾಲವನ್ನು ಕಂಡವರಿಗೆ ಆ ಸಂತೋಷದ ತೂಕ ಗೊತ್ತು.

ಮಾಸ್ತಿಯವನಾದ ನನಗೆ ಇಲ್ಲಿ ಒಂದು ಪುಸ್ತಕ ನೆನಪಾಗದೆ ಇರದು. ನಮ್ಮೂರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ್ದು 1891ರಲ್ಲಿ, ಇದೇ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ಅವರ 'ಸುಬ್ಬಣ್ಣ' 1928ರಲ್ಲಿ ಬಂತು. ಸಂಗೀತದ ಹಂಬಲದಿಂದ ಮನೆ ಬಿಟ್ಟು, ಮೈಸೂರು ಬಿಟ್ಟು, ಕಲ್ಕತ್ತೆಯವರೆಗೂ ಹೋದ ಒಬ್ಬನ ಕತೆ ಅದು. ಅರಮನೆಯ ನೆರಳಿದ್ದರೂ ಸಂಗೀತಗಾರ ಅನ್ನ ಹುಡುಕಿಕೊಂಡು ಹೊಸ ಊರಿಗೆ, ಹೊಸ ಕೇಳುಗರಿಗೆ ಹೊಂದಿಕೊಳ್ಳಬೇಕಾಗುತ್ತದೆ ಎಂಬುದನ್ನು ಮಾಸ್ತಿಯವರು ಅಷ್ಟು ಹಿಂದೆಯೇ ಕಂಡಿದ್ದರು. ನಮ್ಮಂಥವರ ಮನೆಗಳಲ್ಲಿ ಈ ಹೊಂದಿಕೊಳ್ಳುವಿಕೆ ತಲೆಮಾರಿಗೊಮ್ಮೆ ನಡೆದಿದೆ.

ಅದರಲ್ಲಿ ದೊಡ್ಡದು ಬ್ಯಾಂಡ್ ಬಂದದ್ದು. ತಂಜಾವೂರಿನಲ್ಲಿ 1798ರಿಂದ 1832ರವರೆಗೆ ಆಳಿದ ಎರಡನೇ ಸರಫೋಜಿ ತನ್ನ ಆಸ್ಥಾನದಲ್ಲಿ ಯುರೋಪಿನ ವಾದ್ಯಗಳ ಬ್ಯಾಂಡ್ ಕಟ್ಟಿಸಿದ. ಆ ಕಾಲದಲ್ಲೇ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ನೊಟ್ಟುಸ್ವರಗಳನ್ನು ರಚಿಸಿದರು. ತಂಜಾವೂರಿನ ನೃತ್ಯಗುರುಗಳಾದ ನಟ್ಟುವನಾರರ ಕೈಗೆ ಬಂದ ಕ್ಲಾರಿನೆಟ್ ಮೊದಲು ಸದಿರು ನೃತ್ಯದ ಮೇಳ ಸೇರಿತು, ಆಮೇಲೆ ಕಚೇರಿಯ ವೇದಿಕೆ ಹತ್ತಿತು. ಅಲ್ಲಿನ ಪ್ರಸಿದ್ಧ ನಾಲ್ವರು ಸೋದರರಲ್ಲಿ ಚಿನ್ನಯ್ಯ ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿದ. ಮೈಸೂರಿನಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎಂದು ಎರಡು ವಾದ್ಯವೃಂದಗಳು ಬೆಳೆದವು. ಜರ್ಮನಿಯ ಆಟೋ ಶ್ಮಿಟ್ ಅಲ್ಲಿ ವಾದ್ಯವೃಂದವನ್ನು ನಡೆಸಿದರು. ಇಂದಿಗೂ ದಸರೆಯಲ್ಲಿ ಪೊಲೀಸ್ ಬ್ಯಾಂಡಿನ ಈ ಎರಡೂ ಬಗೆಗಳು ಕೇಳಸಿಗುತ್ತವೆ.

ನಮ್ಮ ಜಿಲ್ಲೆಗೆ ಈ ಸದ್ದು ಇನ್ನೊಂದು ದಾರಿಯಿಂದಲೂ ಬಂತು. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಕೆಜಿಎಫ್‌ನಲ್ಲಿ ಇಂಗ್ಲಿಷರ, ಆಂಗ್ಲೋ ಇಂಡಿಯನ್ನರ ಕಾಲೊನಿಗಳು, ಚರ್ಚುಗಳು, ಕ್ಲಬ್ಬುಗಳು ಎದ್ದವು. ಕುಣಿತದ ರಾತ್ರಿಗಳಿಗೆ ಪಿಯಾನೊ, ಪಿಟೀಲು, ಡ್ರಮ್ಮು ಬೇಕಾದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತಾದರೂ ಆ ಊರಿನ ಸಂಗೀತದ ಗೀಳು ಮುಚ್ಚಲಿಲ್ಲ. ನಾನು ಕೀಬೋರ್ಡ್ ಹಿಡಿದ ದಿನಗಳಲ್ಲಿ ಸ್ವರಗಳನ್ನು ಕಾರ್ಡ್ ಆಗಿ ಜೋಡಿಸುವುದನ್ನು ತೋರಿಸಿಕೊಟ್ಟವರು ಕೆಜಿಎಫ್‌ನಿಂದ ಬಂದ ಹಿರಿಯ ಕಲಾವಿದರೊಬ್ಬರು.

ಹಳ್ಳಿಯ ಬ್ಯಾಂಡ್‌ಸೆಟ್ ಈ ಎಲ್ಲದರ ಕೂಸು. ಕ್ಲಾರಿನೆಟ್, ಟ್ರಂಪೆಟ್, ಸೈಡ್ ಡ್ರಮ್, ದೊಡ್ಡ ಬೇಸ್ ಡ್ರಮ್, ಜೊತೆಗೆ ಗಿಲಕಿ. ಹೊಳೆಯುವ ಗುಂಡಿಯ ಕೆಂಪು ಕೋಟು. ಕ್ಲಾರಿನೆಟ್ಟಿನಲ್ಲಿ ಗಮಕವೂ ಬರುತ್ತದೆ, ಸಿನಿಮಾ ಹಾಡೂ ಬರುತ್ತದೆ. ಹಾಗಾಗಿ ಓಲಗದ ಮನೆಗಳಲ್ಲಿ ಎಷ್ಟೋ ಮಂದಿ ಅದನ್ನು ಹಿಡಿದರು. ಅಪ್ಪ ಬೆಳಗ್ಗೆ ಛತ್ರದೊಳಗೆ ಧಾರೆಗೆ ರಾಗ ನುಡಿಸಿ, ರಾತ್ರಿ ಅದೇ ಕ್ಲಾರಿನೆಟ್ಟಿನಲ್ಲಿ ಮೆರವಣಿಗೆಗೆ ರಾಜನ್–ನಾಗೇಂದ್ರರ ಹಾಡು ನುಡಿಸುತ್ತಿದ್ದರು. ಕಲಿಸುವಾಗ ಅವರು ಸ್ವರ ತಪ್ಪಿದರೆ ಸುಮ್ಮನಿರುತ್ತಿದ್ದರು. ನಾನು ತಲೆ ತಗ್ಗಿಸಿ ಬೆರಳು ನೋಡಿಕೊಂಡರೆ ಮಾತ್ರ ಬೈಗುಳ ಬೀಳುತ್ತಿತ್ತು: "ಬೆರಳೇನು ನೋಡ್ತೀಯಲೇ, ಅಯ್ಯನೋರ ಕೈ ನೋಡು."

ಕಣ್ಣಿಟ್ಟು ನುಡಿಸುವವರ ಇನ್ನೊಂದು ಕವಲು ರಂಗಭೂಮಿಯದು. ಕೋಲಾರ ಸೀಮೆಯಲ್ಲಿ ಕನ್ನಡ, ತೆಲುಗು ಎರಡರಲ್ಲೂ ಆಡುತ್ತಿದ್ದ ಕೇಳಿಕೆ ಎಂಬ ಬಯಲಾಟಗಳಿದ್ದವು. ಆಮೇಲೆ ಕಂಪನಿ ನಾಟಕಗಳ ಪ್ರಭಾವದಿಂದ ಕುರುಕ್ಷೇತ್ರದಂಥ ಪೌರಾಣಿಕ ನಾಟಕಗಳು ಹಳ್ಳಿಹಳ್ಳಿಗೂ ಬಂದವು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಮಟ್ಟುಗಳನ್ನು ನಮ್ಮ ರೈತರು ಕಣದಲ್ಲಿ ಹಾಡುವಂತಾಯಿತು. ಇದಕ್ಕೆಲ್ಲ ಸೇತುವೆ ಹಾರ್ಮೋನಿಯಂ ಮೇಷ್ಟ್ರು. ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು, ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ಮಾಡಿಸಿ, ಓದು ಬಾರದವನ ಬಾಯಲ್ಲೂ ಕಂದಪದ್ಯ ಹಾಡಿಸುತ್ತಿದ್ದರು. ನಾಟಕದ ರಾತ್ರಿ ವೇದಿಕೆಯ ಪಕ್ಕ ಕಾಲು ಹಾರ್ಮೋನಿಯಂ ಮುಂದೆ ಕೂತರೆ ಏಳುವುದು ಬೆಳಗಾದ ಮೇಲೆ.

ಅವರ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದುರ್ಯೋಧನನ ಪಾತ್ರಧಾರಿಯ ಕಂಠ ಎತ್ತರದ್ದಾದರೆ ಶ್ರುತಿ ಏರಿಸಬೇಕು, ಕೃಷ್ಣನಿಗೆ ಬೇರೆ ಮನೆಗೆ ಇಳಿಸಬೇಕು. ಒಳಗೆ ಭೀಮನ ಮೀಸೆ ಅಂಟದೆ ತಡವಾದರೆ ಪ್ರವೇಶದ ಮಟ್ಟನ್ನೇ ಸುತ್ತಿ ಸುತ್ತಿ, ಪ್ರತಿ ಸುತ್ತಿಗೂ ಸಣ್ಣ ಬದಲಾವಣೆ ಕೊಟ್ಟು, ಜನ ಬೇಸರವಾಗದ ಹಾಗೆ ಹಿಡಿದಿಡಬೇಕು. ಪರದೆ ಅಲುಗಿದ ಕೂಡಲೇ ಆ ಸುತ್ತನ್ನು ಮುಕ್ತಾಯಕ್ಕೆ ತರಬೇಕು. ಅಭಿಮಾನಿಗಳು ಮಧ್ಯೆ ಎದ್ದು ಹಾರ ಹಾಕಿದರೆ, ನೋಟು ಚುಚ್ಚಿದರೆ, ಪಾತ್ರಧಾರಿ ಅದೇ ಪದ್ಯವನ್ನು ಮತ್ತೊಮ್ಮೆ ಎತ್ತಿಕೊಂಡರೆ, ಎಲ್ಲಕ್ಕೂ ಕೈ ಸಿದ್ಧವಿರಬೇಕು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ನಿಷೇಧ ಹಾಕಿ, 1971ರವರೆಗೂ ಅದನ್ನು ದೂರವಿಟ್ಟಿತು. ಗಮಕ ಬಾರದ ಪೆಟ್ಟಿಗೆ ಎಂದು ದೊಡ್ಡವರು ಬರೆದರು. ಆ ಮೂವತ್ತು ವರ್ಷ ಹಳ್ಳಿಯ ನಾಟಕಗಳು ಇದೇ ಪೆಟ್ಟಿಗೆಯ ಮೇಲೆ ನಡೆದವು.

ಮೂಕಿ ಚಿತ್ರಗಳು ಬಂದಾಗ ಟೆಂಟುಗಳಿಗೆ ಬೇಕಾದದ್ದು ಈ ಕೈಯೇ. ಪರದೆಯ ಮೇಲೆ ಕುದುರೆ ಓಡಿದರೆ ತಬಲ ಓಡಬೇಕು, ನಾಯಕಿ ಅತ್ತರೆ ಕೊಳಲು ಅಳಬೇಕು. ಮೈಸೂರಿನ ಶಿವರಾಂಪೇಟೆಯ ರಾಜಪ್ಪನವರು ಹಾರ್ಮೋನಿಯಂ ಮತ್ತು ಕೊಳಲು ನುಡಿಸುತ್ತಿದ್ದವರು. ಮೂಕಿ ಚಿತ್ರಗಳಿಗೆ ಜೊತೆಗಾರರೊಂದಿಗೆ ಕೂತು ಹಿನ್ನೆಲೆ ಕೊಟ್ಟವರು. ಅವರ ಮಕ್ಕಳೇ ರಾಜನ್ ಮತ್ತು ನಾಗೇಂದ್ರ. ಒಬ್ಬರು ಪಿಟೀಲು ಕಲಿತರು, ಇನ್ನೊಬ್ಬರು ಜಲತರಂಗ. ಬೆಂಗಳೂರಿನ ಜಯಮಾರುತಿ ಆರ್ಕೆಸ್ಟ್ರಾದಲ್ಲಿ ನುಡಿಸಿ ಪಳಗಿ, 1950ರ ದಶಕದ ಆರಂಭದಲ್ಲಿ ಚಿತ್ರಸಂಗೀತಕ್ಕೆ ಬಂದರು. ಮುಂದೆ ಅವರು ಮಾಡಿದ್ದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ವಾದ್ಯವೃಂದದ ಹುಡುಗರು ಸಂಗೀತ ನಿರ್ದೇಶಕರಾದ ದಾರಿಗೆ ನಮ್ಮ ನಾಡಿನಲ್ಲಿ ಇದಕ್ಕಿಂತ ಚಂದದ ನಿದರ್ಶನ ನನಗೆ ಗೊತ್ತಿಲ್ಲ.

ಆದರೆ ರಾಜಪ್ಪನವರ ಕಸುಬಿಗೂ ಅವರ ಮಕ್ಕಳ ಕಸುಬಿಗೂ ನಡುವೆ ಒಂದು ದೊಡ್ಡ ಬದಲಾವಣೆ ಆಗಿಹೋಗಿತ್ತು. 1934ರ ಮಾರ್ಚ್ 3ರಂದು 'ಸತಿ ಸುಲೋಚನ' ತೆರೆಕಂಡು ಕನ್ನಡ ಚಿತ್ರ ಮಾತಾಡಿತು. ಸದ್ದು ಫಿಲ್ಮಿನ ಅಂಚಿಗೇ ಅಂಟಿಕೊಂಡಿತು. ಒಂದು ಸಲ ನುಡಿಸಿದ್ದು ಎಲ್ಲ ಊರಿನಲ್ಲೂ ಎಲ್ಲ ಆಟಕ್ಕೂ ಅದೇ. ಸಂಗೀತಗಾರ ಜನರೆದುರಿನಿಂದ ಎದ್ದು ಸ್ಟುಡಿಯೋದೊಳಗೆ ಹೋದ. ಅಲ್ಲಿ ಅವನು ಅದ್ಭುತಗಳನ್ನು ಮಾಡಿದ, ನಿಜ. ಆದರೆ ಮುಂದೇನಾಗುತ್ತದೋ ಗೊತ್ತಿಲ್ಲದೆ, ನಡೆಯುತ್ತಿರುವುದನ್ನು ನೋಡುತ್ತಾ ನುಡಿಸುವ ವಿದ್ಯೆಗೆ ಸಿನಿಮಾದಲ್ಲಿ ಜಾಗ ಉಳಿಯಲಿಲ್ಲ. ಅದು ಮದುವೆಮನೆಯಲ್ಲಿ, ಜಾತ್ರೆಯಲ್ಲಿ, ನಾಟಕದ ಚಪ್ಪರದಲ್ಲಿ ಉಳಿಯಿತು.

ಅದು ಮತ್ತೆ ತಲೆಯೆತ್ತಿದ್ದು ಯಾರೂ ಎಣಿಸದ ಕಡೆ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟ ಮಾಡಿದರು. ಅದರಲ್ಲಿ ಇದ್ದದ್ದು ಕೆಳಗಿಳಿಯುವ ನಾಲ್ಕೇ ಸ್ವರ. ಶತ್ರುಗಳು ಹತ್ತಿರವಾದಷ್ಟೂ ಅವುಗಳ ಲಯ ಬಿಗಿಯಾಗುತ್ತದೆ. ಅದನ್ನು ಮೊದಲ ಸಲ ಕೇಳಿದಾಗ ನನ್ನ ಕೈ ತಾನಾಗಿ ತೊಡೆಯ ಮೇಲೆ ತಮಟೆಯ ಏಟು ಹಾಕಿತು. ಎದುರಿಗಿನವರ ಹೆಜ್ಜೆಗೆ ತಕ್ಕಂತೆ ಬಡಿತ ಏರಿಸುವುದನ್ನು ನಾನು ಕರಗದ ರಾತ್ರಿಗಳಲ್ಲಿ ಕಲಿತಿದ್ದೆ.

1985ರಲ್ಲಿ ನಿಂಟೆಂಡೊ ಕಂಪನಿಯ 'ಸೂಪರ್ ಮಾರಿಯೊ ಬ್ರದರ್ಸ್' ಬಂತು. ಅದಕ್ಕೆ ಸಂಗೀತ ಕೊಟ್ಟ ಕೋಜಿ ಕೊಂಡೊ ಎಳೆವೆಯಿಂದ ಎಲೆಕ್ಟ್ರಿಕ್ ಆರ್ಗನ್ ಕಲಿತು, ಬೇರೆಯವರ ಜಾಜ್, ರಾಕ್ ಹಾಡುಗಳನ್ನು ನುಡಿಸುವ ಬ್ಯಾಂಡಿನಲ್ಲಿದ್ದವರು. ಅವರ ಕೈಗೆ ಸಿಕ್ಕ ಚಿಪ್ಪಿನಲ್ಲಿ ಇದ್ದದ್ದು ಐದೇ ದಾರಿ: ರಾಗಕ್ಕೆ ಎರಡು ಚೌಕ ಅಲೆ, ಮಂದ್ರಕ್ಕೆ ಒಂದು ತ್ರಿಕೋನ ಅಲೆ, ಬಡಿತಕ್ಕೆ ಒಂದು ಮೊರೆತ, ಸಣ್ಣ ಸದ್ದೊಂದನ್ನು ಹಿಡಿದಿಡಲು ಇನ್ನೊಂದು. ಎರಡು ನಾಗಸ್ವರ, ಒಂದು ಒತ್ತು, ಒಂದು ಡೋಲು, ಒಂದು ತಾಳ ಇಟ್ಟುಕೊಂಡು ಊರು ಸುತ್ತಿದ ಮನೆಯವನಿಗೆ ಈ ಲೆಕ್ಕ ಬಡತನದಂತೆ ಕಾಣುವುದಿಲ್ಲ. ಆಟಗಾರನ ಸಮಯ ನೂರಕ್ಕಿಂತ ಕೆಳಗಿಳಿದರೆ ಅದೇ ಹಾಡು ದುಡುಕಿನಿಂದ ಓಡತೊಡಗುತ್ತದೆ. 1990ರ 'ಸೂಪರ್ ಮಾರಿಯೊ ವರ್ಲ್ಡ್'ನಲ್ಲಿ ನಾಯಕ ಮಾರಿಯೊ ತನ್ನ ಸವಾರಿಯ ಪ್ರಾಣಿ ಯೋಶಿಯ ಬೆನ್ನೇರಿದ ಕೂಡಲೇ ನಡೆಯುತ್ತಿರುವ ಹಾಡಿಗೆ ಡೋಲಿನಂಥ ಬಡಿತ ಸೇರಿಕೊಳ್ಳುತ್ತದೆ, ಇಳಿದರೆ ನಿಲ್ಲುತ್ತದೆ. ಮದುಮಗ ಕುದುರೆ ಏರಿದಾಗ ನಾವು ಸೈಡ್ ಡ್ರಮ್ ಸೇರಿಸುತ್ತಿದ್ದುದು ಇದೇ ಕಾರಣಕ್ಕೆ. ಮರುವರ್ಷ ಅಮೆರಿಕದ ಲ್ಯೂಕಾಸ್‌ಆರ್ಟ್ಸ್‌ನ ಮೈಕೆಲ್ ಲ್ಯಾಂಡ್, ಪೀಟರ್ ಮೆಕಾನೆಲ್ ಇಬ್ಬರೂ ಸೇರಿ ಐಮ್ಯೂಸ್ ಎಂಬ ವ್ಯವಸ್ಥೆ ಕಟ್ಟಿದರು. ಆಟಗಾರ ಒಂದು ಜಾಗದಿಂದ ಇನ್ನೊಂದಕ್ಕೆ ಹೋದರೆ ಸಂಗೀತ ತಟ್ಟನೆ ತುಂಡಾಗದೆ, ಸರಿಯಾದ ಮಾತ್ರೆಗೆ ಕಾದು ಹೊರಳಿಕೊಳ್ಳುವಂತೆ ಮಾಡಿದರು.

ಬ್ಯಾಂಡಿನವನೊಬ್ಬ ಗೇಮ್ ಸಂಗೀತಗಾರನಾದ ಕತೆಗಳಲ್ಲಿ ನನಗೆ ತೀರ ಹತ್ತಿರದ್ದು ಇಂಗ್ಲೆಂಡಿನ ಗ್ರಾಂಟ್ ಕರ್ಕ್‌ಹೋಪ್ ಅವರದು. ಮ್ಯಾಂಚೆಸ್ಟರಿನ ಸಂಗೀತ ಕಾಲೇಜಿನಲ್ಲಿ ಟ್ರಂಪೆಟ್ ಕಲಿತು ಹೊರಬಂದವರು. ಆಮೇಲೆ ವರ್ಷಗಟ್ಟಲೆ ಬ್ಯಾಂಡುಗಳಲ್ಲಿ ಗಿಟಾರ್, ಟ್ರಂಪೆಟ್ ನುಡಿಸುತ್ತಾ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ ಎಂಬ ಬದುಕು. ಜೊತೆಗೆ ನುಡಿಸಿದ್ದ ಸ್ನೇಹಿತ ರಾಬಿನ್ ಬೀನ್‌ಲ್ಯಾಂಡ್ ರೇರ್ ಎಂಬ ಗೇಮ್ ಕಂಪನಿ ಸೇರಿದ್ದರು. ಅವರ ಮಾತು ಕೇಳಿ ಇವರೂ ಮನೆಯಲ್ಲಿ ಸಂಗೀತ ಕಟ್ಟಿ ಕ್ಯಾಸೆಟ್ಟುಗಳನ್ನು ಕಳಿಸುತ್ತಾ ಹೋಗಿ, 1995ರಲ್ಲಿ ಅಲ್ಲಿಗೇ ಸೇರಿದರು. 1997ರ 'ಗೋಲ್ಡನ್ ಐ' ಆಟಕ್ಕೆ ದುಡಿದರು. 1998ರ 'ಬ್ಯಾಂಜೊ ಕಜೂಯಿ'ಯಲ್ಲಿ ಅವರದೇ ಎನ್ನುವಂಥ ಕೆಲಸ ಕಾಣಿಸಿತು. ಅಲ್ಲಿ ಮಾಟಗಾತಿಯ ಗವಿಗೆ ಒಂದೇ ಮಟ್ಟು. ಆಟಗಾರ ಗವಿಯೊಳಗೆ ಯಾವ ಲೋಕದ ಬಾಗಿಲ ಹತ್ತಿರ ಬರುತ್ತಾನೋ ಆ ಲೋಕಕ್ಕೆ ತಕ್ಕ ವಾದ್ಯಕ್ಕೆ ಆ ಮಟ್ಟು ಮೆಲ್ಲಗೆ ದಾಟಿಕೊಳ್ಳುತ್ತದೆ. ರಾಗ ಕಡಿಯುವುದಿಲ್ಲ, ಲಯ ತಪ್ಪುವುದಿಲ್ಲ, ಬಣ್ಣ ಮಾತ್ರ ಬದಲು. ಬೀದಿಯ ತಿರುವಿನಲ್ಲಿ ನಾಗಸ್ವರದಿಂದ ಕ್ಲಾರಿನೆಟ್ ಎತ್ತಿಕೊಳ್ಳುತ್ತಿದ್ದ ನಮ್ಮವರ ಪಾಂಡಿತ್ಯವನ್ನೇ ನಾನು ಅದರಲ್ಲಿ ಕೇಳಿದೆ.

ನಮ್ಮ ದೇಶದಲ್ಲಿ ಗೇಮ್ ಕಸುಬು ಮೊದಲು ಬೇರೂರಿದ ಊರುಗಳಲ್ಲಿ ಬೆಂಗಳೂರೂ ಒಂದು. ಧ್ರುವ ಇಂಟರಾಕ್ಟಿವ್ 1997ರಲ್ಲೇ ಇಲ್ಲಿ ಶುರುವಾಯಿತು. ಆದರೂ ಬಹುಕಾಲ ಇಲ್ಲಿ ನಡೆದದ್ದು ಪರದೇಶದ ಆಟಗಳಿಗೆ ಚಿತ್ರ ಬಿಡಿಸಿ ಕೊಡುವ ಕೆಲಸ. ಪುಣೆಯ ನಾಡಿಂಗ್ ಹೆಡ್ಸ್ ಕಂಪನಿ 2020ರಲ್ಲಿ 'ರಾಜಿ' ಎಂಬ ಆಟ ತಂದಿತು. ನಮ್ಮ ಪುರಾಣದ ಲೋಕ, ನಮ್ಮ ಗುಡಿಗೋಪುರ. ಸಂಗೀತ ಕೊಟ್ಟವರು ಗ್ರೀಸಿನ ಲಿನೊಸ್ ಟ್ಸೆಲೊಸ್. ಅವರ ಕೆಲಸ ಸೊಗಸಾಗಿದೆ, ಶ್ರದ್ಧೆಯಿಂದ ಕೂಡಿದೆ. ಇಂಥ ಆಟಕ್ಕೆ ನಮ್ಮವರ ಉಸಿರೂ ಸೇರುವ ದಿನ ಬರಲಿ ಎಂಬುದು ನನ್ನ ಆಸೆ. 2023ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಮೊದಲ ಬಾರಿಗೆ ಗೇಮ್ ಸಂಗೀತಕ್ಕೆಂದೇ ಒಂದು ವಿಭಾಗ ಬಂತು, ಸ್ಟೆಫನಿ ಇಕಾನಮೌ ಅದನ್ನು ಪಡೆದರು. ಅದೇ ಸಮಾರಂಭದಲ್ಲಿ ನಮ್ಮ ಬೆಂಗಳೂರಿನ ರಿಕಿ ಕೇಜ್ ತಮ್ಮ ಮೂರನೇ ಗ್ರ್ಯಾಮಿ ಪಡೆದರು. ಅವರೂ ಶುರುಮಾಡಿದ್ದು ಏಂಜಲ್ ಡಸ್ಟ್ ಎಂಬ ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಾ. ಈ ಎರಡು ದಾರಿಗಳು ಒಂದೇ ವೇದಿಕೆಗೆ ಬಂದದ್ದು ನನ್ನಂಥವನಿಗೆ ದೊಡ್ಡ ಧೈರ್ಯ.

ನನ್ನ ಮೇಜಿನ ಮೇಲಿನ ಕೆಲಸ ಹೀಗಿದೆ. ಒಂದು ಆಟಕ್ಕೆ ಸಂಗೀತ ಕಟ್ಟುವಾಗ ಶ್ರುತಿ, ಮಂದ್ರ, ಬಡಿತ, ರಾಗ ಎಂದು ಪದರ ಪದರವಾಗಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಎಲ್ಲವೂ ಒಂದೇ ಲಯದವು. ಆಟಗಾರ ಸುಮ್ಮನೆ ನಿಂತಿದ್ದರೆ ಶ್ರುತಿ ಮತ್ತು ಮಂದ್ರ ಸಾಕು. ಅವನು ಓಡಿದರೆ ಬಡಿತ ಸೇರುತ್ತದೆ. ಅಪಾಯ ಎದುರಾದರೆ ಎಲ್ಲ ಪದರಗಳೂ ಏಳುತ್ತವೆ, ಗಟ್ಟಿಮೇಳವೇ ಸರಿ. ಯಾವ ಗಳಿಗೆಯಲ್ಲಿ ಅಪಾಯ ಬರುತ್ತದೋ ನನಗೆ ತಿಳಿಯದು. ಆದ್ದರಿಂದ ಎಲ್ಲಿಂದ ಹೊರಳಿದರೂ ಸಮಕ್ಕೆ ಬಂದು ಬೀಳುವಂಥ ಸಣ್ಣ ಮುಕ್ತಾಯಗಳನ್ನು ಕಟ್ಟಿಡುತ್ತೇನೆ. ಅಪ್ಪ ಹೇಳಿಕೊಟ್ಟ ಮುಕ್ತಾಯಗಳೇ ಅವು. ಒಂದೇ ಮಟ್ಟು ಗಂಟೆಗಟ್ಟಲೆ ಸುತ್ತಬೇಕಾದಾಗ ಬೇಸರ ತಪ್ಪಿಸಲು ಪ್ರತಿ ಸುತ್ತಿಗೂ ಒಂದು ಸಂಗತಿ ಬದಲಿಸುತ್ತೇನೆ. ಇದು ಹಾರ್ಮೋನಿಯಂ ಮೇಷ್ಟ್ರ ವಿದ್ಯೆ. ನೋಡುವ ಕೆಲಸ ಈಗ ಕಂಪ್ಯೂಟರಿನದು. ಏನನ್ನು ನೋಡಬೇಕು, ಕಂಡಾಗ ಏನು ಮಾಡಬೇಕು ಎಂದು ಅದಕ್ಕೆ ಹೇಳಿಕೊಡಬೇಕಾದವನು ಸಂಗೀತಗಾರ. ಅದನ್ನು ಹೇಳಲು ತಾನೇ ಒಂದು ಕಾಲದಲ್ಲಿ ನೋಡಿ ನುಡಿಸಿರಬೇಕು.

ಇಷ್ಟು ದೊಡ್ಡ ವಿದ್ಯೆಯವರ ಹೆಸರುಗಳು ಉಳಿದಿಲ್ಲ ಎಂಬುದು ನನ್ನ ನೋವು. ಲಗ್ನಪತ್ರಿಕೆಯಲ್ಲಿ ಛತ್ರದ ವಿಳಾಸ ಇರುತ್ತದೆ, ಊದುವವರ ಹೆಸರು ಇರುವುದಿಲ್ಲ. 1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ರಾಜಕುಮಾರ್ ಶಹನಾಯಿ ಹಿಡಿದು, ಬಿಸ್ಮಿಲ್ಲಾ ಖಾನರು ಅದಕ್ಕೆ ಉಸಿರು ಕೊಟ್ಟಾಗ, ಓಲಗದವನೂ ಕತೆಯ ನಾಯಕನಾಗಬಲ್ಲ ಎಂದು ನಮ್ಮ ಮನೆಯವರು ಕಣ್ಣೀರು ಹಾಕಿದ್ದರಂತೆ. ಎಂಬತ್ತರ ದಶಕದ ಜಪಾನಿನಲ್ಲೂ ಗೇಮ್ ಸಂಗೀತಗಾರರ ನಿಜ ಹೆಸರು ಬರುತ್ತಿದ್ದುದು ಕಡಿಮೆ. ಬೇರೆ ಕಂಪನಿ ಕರೆದೊಯ್ದೀತು ಎಂಬ ಭಯಕ್ಕೆ ಎಷ್ಟೋ ಕಂಪನಿಗಳು ಅಡ್ಡಹೆಸರು ಹಾಕಿಸುತ್ತಿದ್ದವು. ಅಲ್ಲಿ ಆಮೇಲೆ ಅಭಿಮಾನಿಗಳು ಹುಡುಕಿ ಹುಡುಕಿ ಹೆಸರುಗಳನ್ನು ಹೊರತಂದರು. ಇಲ್ಲಿ ಆ ಹುಡುಕಾಟ ಇನ್ನೂ ಶುರುವಾಗಬೇಕು.

ತಡಮಾಡುವ ಕಾಲ ಇದಲ್ಲ. ನಮ್ಮ ಹೋಬಳಿಯ ಮೆರವಣಿಗೆಗಳಲ್ಲಿ ಈಗ ಲಾರಿಯ ಮೇಲೆ ಪೇರಿಸಿದ ಡಿಜೆ ಬಾಕ್ಸುಗಳು. ದೇವರು ನಿಂತರೂ ನಡೆದರೂ ಆ ಹಾಡಿಗೆ ಗೊತ್ತಾಗುವುದಿಲ್ಲ. ವಯಸ್ಸಾದ ಓಲಗದವರು ಇರುವಾಗಲೇ ಒಂದು ಮದುವೆ ಪೂರ್ತಿ, ಒಂದು ಉತ್ಸವ ಪೂರ್ತಿ, ಒಂದು ಕುರುಕ್ಷೇತ್ರ ಪೂರ್ತಿ ವಿಡಿಯೊ ಮಾಡಬೇಕು. ರಾಗವನ್ನಷ್ಟೇ ರೆಕಾರ್ಡ್ ಮಾಡಿದರೆ ಅರ್ಧ ವಿದ್ಯೆ ಮಾತ್ರ ಉಳಿಯುತ್ತದೆ. ಅವರು ಯಾರನ್ನು ನೋಡುತ್ತಾರೆ, ಯಾವ ಸನ್ನೆಗೆ ಕಾಯುತ್ತಾರೆ, ಹೇಗೆ ಹೊರಳುತ್ತಾರೆ ಎಂಬುದೂ ಅದರಲ್ಲಿ ಇರಬೇಕು. ಬೆಂಗಳೂರಿನಲ್ಲಿ ಗೇಮ್ ಕಟ್ಟುವ ಗೆಳೆಯರಿಗೆ ನನ್ನ ಮಾತು ಇಷ್ಟೇ: ಮಾಲೂರು ದೂರವಿಲ್ಲ, ಮುಳಬಾಗಿಲು, ಶ್ರೀನಿವಾಸಪುರಗಳೂ ದೂರವಿಲ್ಲ. ಬಂದು ಅವರ ಜೊತೆ ಒಂದು ಮದುವೆಯಲ್ಲಿ ಕೂತು ನೋಡಿ. ವೀಳ್ಯ ಕೊಟ್ಟು ನಿಮ್ಮ ಆಟಕ್ಕೆ ಅವರನ್ನು ಕರೆಸಿ. ಆಟದ ಕೊನೆಗೆ ಹೆಸರುಗಳು ಬರುವಲ್ಲಿ ಅವರ ಹೆಸರು, ಅವರ ಊರಿನ ಹೆಸರು ಎರಡನ್ನೂ ಕನ್ನಡದಲ್ಲಿ ಹಾಕಿ.